ತಪ್ಪು ಉತ್ತರದ ಉಂಡೆಗಳು

ಭಾನುವಾರ ಬೆಳಗ್ಗೆ ಆರು ಗಂಟೆ ಹನ್ನೆರಡು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ: ಅಕ್ಕನ ಓದಿಗೆ ಸಮಯ ಹಿಡಿಯುತ್ತಿದ್ದವಳು ನಾನೇ, ಫೋನು ನನ್ನ ಕೈಯಲ್ಲೇ ಇತ್ತು. ಕಲ್ಯಾಣದುರ್ಗದ ಅಕ್ಕನ ಮನೆಯ ಹಿತ್ತಲ ಗೋಡೆಯ ಮೇಲೆ ಮೊದಲು ಒಂದು ಕಪ್ಪು ತಲೆ ಕಾಣಿಸಿತು, ಆಮೇಲೆ ಎರಡು ಮುಂಗಾಲು. ಇತ್ತ ಹಿಂಬದಿಯ ಜಗಲಿಯ ಚಾಪೆಯ ಮೇಲೆ, ಹಿತ್ತಲಿಗೆ ಬೆನ್ನು ಹಾಕಿಕೊಂಡು, ಅಕ್ಕ ಯಾವುದೋ ದೇಶದ ದೀಪಸ್ತಂಭಗಳ ಬಗ್ಗೆ ಇಂಗ್ಲಿಷಿನಲ್ಲಿ ಓದುತ್ತಿದ್ದಳು.

ಆ ಕ್ಷಣ ನನ್ನೊಳಗೆ ಇನ್ನೂ ಓಡುತ್ತಲೇ ಇರುತ್ತದೆ. ಎಲ್ಲಿಗೋ ಬಂದು ನಿಲ್ಲುತ್ತದೆ, ಮತ್ತೆ ಗೋಡೆಯಿಂದಲೇ ಶುರುವಾಗುತ್ತದೆ. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳಿಕೊಂಡು ಬರುತ್ತೇನೆ.

ನನ್ನ ಅಕ್ಕ ವಿಜ್ಞಾನದ ಟೀಚರು. ತೆಲುಗು ನಾಡಿನ ಗಡಿಯ ಸೆಟ್ಟೂರಿನ ಕಡೆಯ ಒಂದು ಶಾಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕೆಲಸ ತಾತ್ಕಾಲಿಕ, ಮಕ್ಕಳೂ ವರ್ಷವರ್ಷಕ್ಕೆ ಕಡಿಮೆ. ವಸತಿ ಶಾಲೆಯಲ್ಲಿ ಖಾಯಂ ಕೆಲಸಕ್ಕೆ ಕರೆದಿದ್ದರು. ಆದರೆ ಅದಕ್ಕೆ ಮೊದಲು ಇಂಗ್ಲಿಷಿನ ಒಂದು ಪರೀಕ್ಷೆ ದಾಟಬೇಕು. ವ್ಯಾಕರಣದ ಭಾಗ ಅಕ್ಕನಿಗೆ ಲೆಕ್ಕಕ್ಕೇ ಇರಲಿಲ್ಲ. ಅವಳು ಬೀಳುತ್ತಿದ್ದದ್ದು ಓದಿನ ಭಾಗದಲ್ಲಿ. ಉದ್ದನೆಯ ಒಂದು ಬರಹ ಕೊಡುತ್ತಾರೆ, ಕೆಳಗೆ ಕೆಲವು ವಾಕ್ಯ ಕೊಡುತ್ತಾರೆ. ಬರಹದ ಪ್ರಕಾರ ಆ ವಾಕ್ಯ ನಿಜವಾದರೆ ‘ಟ್ರೂ’, ಸುಳ್ಳಾದರೆ ‘ಫಾಲ್ಸ್’, ಬರಹದಲ್ಲಿ ಆ ಮಾತೇ ಇಲ್ಲದಿದ್ದರೆ ‘ನಾಟ್ ಗಿವನ್’. ಇದರಲ್ಲೇ ಎರಡು ಸಲ ಮುಗ್ಗರಿಸಿದ್ದಳು. ವಯಸ್ಸಿನ ಮಿತಿಯ ಪ್ರಕಾರ ಇದೇ ಕೊನೆಯ ಸಲ. ಈ ಸಲವೂ ಆಗದಿದ್ದರೆ ಆ ಬಾಗಿಲು ಮುಚ್ಚಿದಂತೆ.

ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು. ಹಿಂದೂಪುರದ ಒಂದು ರೇಷ್ಮೆ ಸೀರೆ ಅಂಗಡಿಗೆ ಆನ್‌ಲೈನಿನಲ್ಲಿ ಸೀರೆಗಳ ವರ್ಣನೆ ಬರೆಯುತ್ತೇನೆ. ಸೆರಗು, ಅಂಚು, ಬುಟ್ಟಾಗಳನ್ನು ದಿನಕ್ಕೆ ಹತ್ತಾರು ಸಲ ಇಂಗ್ಲಿಷಿನಲ್ಲಿ ಹೊಗಳುವುದು ನನ್ನ ವೃತ್ತಿ. ಶನಿವಾರ ಅಂಗಡಿ ಕೆಲಸ ಮುಗಿಸಿ ಕಲ್ಯಾಣದುರ್ಗದ ಬಸ್ಸು ಹತ್ತಿ ಅಕ್ಕನಿಗೆ ಪಾಠ ಹೇಳಿ, ಭಾನುವಾರ ಸಂಜೆ ವಾಪಸು ಬರುವುದೆಂದು ನಿಶ್ಚಯವಾಯಿತು.

ಮೊದಲ ವಾರವೇ ಗೊತ್ತಾದದ್ದೇನೆಂದರೆ, ಅಕ್ಕನ ತೊಂದರೆ ಇಂಗ್ಲಿಷಿನದಲ್ಲ, ನಿಶ್ಶಬ್ದದ್ದು.

ನಾವು ಹುಟ್ಟಿ ಬೆಳೆದ ಹಿಂದೂಪುರದ ಮನೆಯಲ್ಲಿ ಮುಂದಿನ ಅರ್ಧ ಮಗ್ಗಗಳದ್ದು, ಹಿಂದಿನ ಅರ್ಧ ನಮ್ಮದು. ಬೆಳಗಿನಿಂದ ರಾತ್ರಿಯವರೆಗೆ ವಿದ್ಯುತ್ ಮಗ್ಗಗಳು ಗೋಡೆ ನಡುಗುವಂತೆ ಬಡಿಯುತ್ತಿದ್ದವು. ಅಕ್ಷರ ಕಲಿತದ್ದು, ಮಗ್ಗಿ ಕಲಿತದ್ದು, ಬಿ.ಎಡ್. ಓದಿದ್ದು ಎಲ್ಲ ಆ ಸದ್ದಿನ ಒಳಗೇ. ಆ ಸದ್ದಿನಲ್ಲಿ ಬೇರೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ಹಾಗಲ್ಲ.

“ಪಕ್ಕದಾಗೆ ಒಬ್ಬಳು ಕೂತಿದ್ಲು ಕಣೇ,” ಎಂದು ಅಕ್ಕ ಎರಡನೇ ಸೋಲಿನ ಕಥೆ ಹೇಳಿದ್ದಳು, “ಐದು ನಿಮಿಷಕ್ಕೊಂದ್ಸಲ ಮೂಗು ಎಳೀತಿದ್ಲು. ಎಳೆದಾದ್ಮೇಲೆ, ಮತ್ತೆ ಯಾವಾಗ ಎಳೀತಾಳೋ ಅಂತ ಕಾಯ್ತಾ ಕೂತ್ಕಂಡೆ. ಅವಳ ಮೂಗೇ ಓದಿದ್ದಾಯ್ತು, ಪಾಠ ಓದ್ಲಿಲ್ಲ.”

ಅದಕ್ಕೆ ನಾನು ನಮ್ಮ ಮನೆಯ ಮಗ್ಗದ ಸದ್ದನ್ನು ಫೋನಿಗೆ ತುಂಬಿಕೊಂಡು ಹೋದೆ. ಜಗಲಿಯ ಕಿಟಕಿಯಲ್ಲಿ ಒಂದು ಪುಟ್ಟ ಸ್ಪೀಕರ್ ಇಟ್ಟು ಅದನ್ನು ಹಾಕಿದರೆ ಅಕ್ಕ ನದಿಗೆ ಬಿಟ್ಟ ಮೀನಿನಂತೆ ಓದಿಕೊಂಡು ಹೋಗುತ್ತಿದ್ದಳು. ವಾರವಾರಕ್ಕೆ ಸದ್ದು ಇಳಿಸುತ್ತ ಬಂದು, ಕೊನೆಗೆ ಮಗ್ಗ ಪೂರ್ತಿ ನಿಲ್ಲಿಸಿದೆವು. ಆಮೇಲೆ ಎರಡನೆಯ ಹಂತ. ಅದು ಅಕ್ಕನೇ ಕೇಳಿದ್ದು.

“ನಾನು ಓದೋವಾಗ ನನ್ ಗಮನ ಕೆಡಿಸು. ಏನಾದ್ರೂ ಮಾಡು. ನಾನು ತಲೆ ಎತ್ತಿದ್ರೆ ಸೋತಂಗೆ.”

ಅಷ್ಟು ಹೇಳಿದರೆ ನನಗೆ ಸಾಕಿತ್ತು. ತಟ್ಟೆ ಬೀಳಿಸಿದೆ. ನಾಯಿಯಂತೆ ಬೊಗಳಿದೆ. ‘ಹಾವು ಹಾವು’ ಎಂದು ಕೂಗಿದೆ, ದೂರದ ಊರಲ್ಲಿ ಕೆಲಸಕ್ಕಿರುವ ‘ಭಾವ ಬಂದ್ರು’ ಎಂದು ಕೂಗಿದೆ. ಮೊದಮೊದಲು ತಲೆ ಎತ್ತುತ್ತಿದ್ದವಳು ಬರಬರುತ್ತ ಕಲ್ಲಾದಳು. ಕೊನೆಗೆ ಅವಳ ಪಕ್ಕದಲ್ಲಿಟ್ಟ ಉಂಡೆ ಕದಿಯಲು ಹೋದರೂ ಹಾಳೆಯಿಂದ ಕಣ್ಣು ತೆಗೆಯದೆ ಪಟ್ಟನೆ ನನ್ನ ಕೈಗೆ ಹೊಡೆದು ಉಂಡೆ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಇದು ನಮ್ಮಿಬ್ಬರಿಗೂ ಹೆಮ್ಮೆಯ ಸಂಗತಿಯಾಗಿತ್ತು.

ಉಂಡೆಯ ವಿಷಯ ಇನ್ನೂ ಹೇಳಿಲ್ಲ. ಅದು ಅಕ್ಕನ ಅತ್ತೆಯ ಏರ್ಪಾಟು. ಅತ್ತೆ ಬೆಳುಗುಪ್ಪದ ಕಡೆಯ ರೈತರ ಮನೆಯವರು, ಈಗಲೂ ಹೊಲದ ಕಡಲೆಕಾಯಿ ಮೂಟೆ ಮನೆಗೆ ಬರುತ್ತದೆ. ಸೊಸೆಯ ಪರೀಕ್ಷೆಗೆ ತಾವೂ ಏನಾದರೂ ಮಾಡಬೇಕೆಂದು ಪ್ರತಿ ಭಾನುವಾರ ಕೋಳಿ ಕೂಗುವ ಹೊತ್ತಿಗೆ ಎದ್ದು, ಹಿತ್ತಲ ಒಲೆಯಲ್ಲಿ ಕಡಲೇಬೀಜ ಹುರಿದು, ಬೆಲ್ಲದ ಪಾಕ ಕಾಯಿಸಿ ಉಂಡೆ ಕಟ್ಟುತ್ತಿದ್ದರು. ಒಂದು ಸರಿ ಉತ್ತರಕ್ಕೆ ಒಂದು ಉಂಡೆ. ತಪ್ಪಾದರೆ ಆ ಉಂಡೆ ಬೋಗುಣಿಯಲ್ಲೇ ಉಳಿಯಬೇಕು, ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ. ಮುಂದಿನ ವಾರದ ಉಂಡೆಗಳೂ ಅದರ ಮೇಲೇ ಬೀಳುತ್ತಿದ್ದವು.

“ಒಂದು ಕೊಡಿ ಅತ್ತೆ, ಹೊಟ್ಟೆ ಹಸೀತೈತೆ,” ಎಂದು ಅಕ್ಕ ಕೇಳಿದರೆ, “ಉತ್ರ ಕೊಡು, ಉಂಡೆ ತಗಾ” ಎನ್ನುತ್ತಿದ್ದರು ಅತ್ತೆ.

ಅಕ್ಕ ಈಗ ಗಮನವಿಟ್ಟು ಓದುತ್ತಿದ್ದಳು ನಿಜ. ಆದರೆ ಇನ್ನೊಂದು ತೊಂದರೆ ಹೊರಬಿತ್ತು. ಬರಹದಲ್ಲಿ ಇಲ್ಲದ್ದನ್ನು ಅವಳೇ ಸೇರಿಸಿಬಿಡುತ್ತಿದ್ದಳು. ಒಂದು ಸಲ ಯಾವುದೋ ಚಳಿದೇಶದ ಮುದುಕಿ ಬಿತ್ತನೆ ಬೀಜವನ್ನು ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದಳೆಂದು ಬರಹದಲ್ಲಿತ್ತು. ‘ಬೀಜಕ್ಕೆ ಹುಳ ಬೀಳುತ್ತಿರಲಿಲ್ಲ’ ಎನ್ನುವ ವಾಕ್ಯಕ್ಕೆ ಅಕ್ಕ ‘ಟ್ರೂ’ ಎಂದು ಬರೆದಳು.

“ಹುಳದ ಮಾತು ಎಲ್ಲೈತೆ ತೋರ್ಸು,” ಎಂದೆ.

“ತೋರಿಸೋದೇನೇ? ಗಡಿಗೇಲಿ ಬೂದಿ ಹಾಕಿರ್ತಾಳೆ.”

“ಬೂದಿ ಎಲ್ಲಿಂದ ಬಂತು?”

“ಒಲೆಯಿಂದ. ಅಷ್ಟೂ ತಿಳೀದೆ ಬೀಜ ಇಡ್ತಾಳಾ ಆ ಯಮ್ಮ?”

ಅತ್ತೆಯೂ ಸೊಸೆಯ ಪಕ್ಷವೇ. “ಬೂದಿ ಹಾಕ್ದಿದ್ರೆ ಹುಳ ಬಿದ್ದೋಯ್ತದೆ ಕಣಮ್ಮ. ಅವಳು ಹೇಳೋದು ಸರಿಯಾಗೈತೆ. ಉಂಡೆ ಕೊಟ್ಬುಡ್ತೀನಿ.”

“ಅತ್ತೆ, ಪೇಪರ್ ನೋಡೋರು ನೀವಲ್ಲ. ಅವರು ಉಂಡೆ ಕೊಡಲ್ಲ.”

ಹೀಗೆ ಉಳಿದ ಉಂಡೆಗಳಿಂದ ಬೋಗುಣಿ ತುಂಬುತ್ತ ಬಂತು. ಒಳಗಿಟ್ಟರೆ ಇರುವೆ ಮುತ್ತುತ್ತವೆಂದು ಅತ್ತೆ ಅದನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಸುತ್ತ ನೀರು ನಿಲ್ಲಿಸಿ, ತಟ್ಟೆ ಮುಚ್ಚಿ ಇಡುತ್ತಿದ್ದರು. ಇರುವೆಗೆ ಅದು ಸಾಕಾಗಿತ್ತು. ಆದರೆ ವಾರವಾರವೂ ಬೆಲ್ಲದ ಪಾಕದ ವಾಸನೆ ಗೋಡೆಯಾಚೆಯ ಗುಡ್ಡಕ್ಕೆ ಹೋಗುತ್ತದೆ, ಗುಡ್ಡದಲ್ಲಿ ಕರಡಿಗಳಿವೆ ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ. ಕಲ್ಯಾಣದುರ್ಗದಲ್ಲಿ ಕರಡಿ ಇರುವುದು ಎಲ್ಲರಿಗೂ ಗೊತ್ತು. ಗೊತ್ತಿದ್ದದ್ದರಿಂದಲೇ ಯಾರೂ ಯೋಚಿಸುತ್ತಿರಲಿಲ್ಲ.

ಆ ಭಾನುವಾರ ಅಕ್ಕ ಮೊದಲ ಬರಹಕ್ಕೆ ಒಂದೇ ಒಂದು ಸರಿ ಉತ್ತರ ಕೊಟ್ಟು, ಗಳಿಸಿದ ಆ ಒಂದು ಉಂಡೆಯನ್ನು ಚಾಪೆಯ ಪಕ್ಕ ಇಟ್ಟುಕೊಂಡು, ಎರಡನೆಯ ಬರಹ ಹಿಡಿದಿದ್ದಳು. ಅತ್ತೆ ಮುಂಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಹೋಗಿದ್ದರು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದೆ.

ಕರಡಿ ಗೋಡೆ ಇಳಿದು ಸೀದಾ ಒಗೆಯುವ ಕಲ್ಲಿಗೆ ಬಂತು. ತಟ್ಟೆ ಠಣ್ಣೆಂದು ಕೆಳಗೆ ಬಿತ್ತು. ಅಕ್ಕ ಕದಲಲಿಲ್ಲ. ಆಮೇಲೆ ಉಂಡೆಗಳನ್ನು ಹೀರುವ ಸದ್ದು ಶುರುವಾಯಿತು. ಹುರುಕ್, ಹುರುಕ್ ಎಂದು, ಕೆಟ್ಟ ಪಂಪು ನೀರೆಳೆಯುವಂತೆ.

“ಅಕ್ಕಾ,” ಎಂದೆ. “ಅಕ್ಕಾ, ಕರಡಿ.”

ಅಕ್ಕ ತಲೆ ಎತ್ತಲಿಲ್ಲ. ಅವಳ ಕೆನ್ನೆಯಲ್ಲಿ ಮಾತ್ರ ಸಣ್ಣ ನಗು ಮೂಡಿದ್ದು ಕಂಡಿತು. ಹಾವು ಮುಗಿಯಿತು, ಈಗ ಕರಡಿಗೆ ಬಂದಳು ಎನ್ನುವ ನಗು.

“ಆಣೆ ಮಾಡಿ ಹೇಳ್ತೀನಿ, ಕರಡಿ ಕಣೇ.”

ಅವಳು ಎಡಗೈ ಎತ್ತಿ, ಸುಮ್ಮನಿರು ಎಂದು ಬೆರಳು ಅಲ್ಲಾಡಿಸಿದಳು. ಪೆನ್ಸಿಲಿನಿಂದ ಒಂದು ಉತ್ತರ ಬರೆದಳು.

ಕರಡಿ ತಲೆ ಎತ್ತಿ ಮೂಗು ಗಾಳಿಗೆ ಹಿಡಿಯಿತು. ನಾಲ್ಕು ಹೆಜ್ಜೆಯಲ್ಲಿ ಜಗಲಿಯ ಅಂಚಿಗೆ ಬಂತು. ನಾನು ಓಡಿಹೋಗಿ ಅಕ್ಕನನ್ನು ಎಳೆಯಬೇಕೆಂದರೆ ಅದರ ಕಡೆಗೇ ಓಡಬೇಕು. ನಾನು ಹೊಸ್ತಿಲು ದಾಟಲಿಲ್ಲ. ಅದರ ಮೂತಿ ಬೂದುಬಣ್ಣದ್ದು, ಒದ್ದೆ, ಮೇಲೆ ಕಡಲೇಬೀಜದ ಸಿಪ್ಪೆ ಅಂಟಿತ್ತು. ಅದು ನಿಧಾನವಾಗಿ ಅಕ್ಕನ ಪಕ್ಕದ ಉಂಡೆಯ ಕಡೆ ಚಾಚಿತು. ಇನ್ನೊಂದು ಮೊಳ.

ಆಗ ಅಕ್ಕ, ಹಾಳೆಯಿಂದ ಕಣ್ಣು ತೆಗೆಯದೆ, “ಥೂ, ಮುಟ್ಬೇಡ ಕಣೇ” ಎಂದು ಗೊಣಗಿ, ಪಟ್ಟನೆ ಗಾಳಿಗೆ ಒಂದು ಏಟು ಹೊಡೆದು, ಉಂಡೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ನನ್ನ ತಲೆಯಲ್ಲಿ ಪ್ರತಿ ಸಲ ನಿಲ್ಲುವುದು ಇಲ್ಲೇ. ಆ ಕೈ, ಆ ಮೂತಿ, ನಡುವಿನ ಗಾಳಿ.

ನಾನು ಧೈರ್ಯ ಮಾಡಿ ಏನೋ ಮಾಡಿದೆನೆಂದು ನೆಂಟರಲ್ಲಿ ಸುದ್ದಿಯಿದೆ. ಹಾಗೇನೂ ಇಲ್ಲ. ಯಾರಿಗಾದರೂ ಫೋನು ಮಾಡೋಣವೆಂದು ನೋಡದೆಯೇ ಪರದೆ ಒತ್ತಿದೆ. ಅಲ್ಲಿ ತೆರೆದಿದ್ದದ್ದು ಅಕ್ಕನ ಗಮನ ಕೆಡಿಸಲು ತುಂಬಿಕೊಂಡಿದ್ದ ಸದ್ದುಗಳ ಪಟ್ಟಿ. ಇನ್ನೂ ಕಿಟಕಿಯಲ್ಲೇ ಇದ್ದ ಸ್ಪೀಕರಿನಿಂದ ನಮ್ಮ ಹಿಂದೂಪುರದ ಮನೆಯ ಮಗ್ಗಗಳು ಪೂರ್ತಿ ಗಂಟಲಿನಲ್ಲಿ ಬಡಿಯತೊಡಗಿದವು, ಖಟಾಪಟ್ ಖಟಾಪಟ್ ಖಟಾಪಟ್. ಸ್ಪೀಕರು ಕರಡಿಯ ಕಿವಿಯಿಂದ ಎರಡು ಮಾರು ದೂರ. ಅದು ಹುಂ ಎಂದು ನೆಗೆದುಬಿತ್ತು, ತಿರುಗಿತು, ಬೋಗುಣಿಯನ್ನು ಒದ್ದು ಉರುಳಿಸಿಕೊಂಡು ಗೋಡೆಯ ಕಡೆಗೆ ಓಡಿತು.

ತಟ್ಟೆಗೆ, ಹಾವಿಗೆ, ಕರಡಿಗೆ ತಲೆ ಎತ್ತದವಳು ಮಗ್ಗಕ್ಕೆ ತಲೆ ಎತ್ತಿದಳು. ಮುಖದಲ್ಲಿ ಸಿಟ್ಟು.

“ಮಗ್ಗ ಯಾಕೇ ಹಾಕ್ದೆ? ಮಗ್ಗ ಹಾಕೋದಿಲ್ಲ ಅಂತ ಮಾತಾಗಿತ್ತಲ್ಲ? ಇನ್ನೂ ಎರಡು ಪ್ರಶ್ನೆ ಐತೆ!”

ನನ್ನ ಮುಖ ನೋಡಿ, ನಾನು ನೋಡುತ್ತಿದ್ದ ಕಡೆ ತಿರುಗಿದಳು. ಅವಳಿಗೆ ಕಂಡದ್ದು ಗೋಡೆ ದಾಟುತ್ತಿದ್ದ ಒಂದು ಕಪ್ಪು ಹಿಂಭಾಗ ಮಾತ್ರ.

“ಅದೇನೇ ಅದು?” ಎಂದಳು.

ಮಗ್ಗದ ಸದ್ದಿಗೆ ಅತ್ತೆ ರಂಗೋಲಿ ಪುಡಿಯ ಕೈಯಲ್ಲೇ ಓಡಿಬಂದರು. ಗೋಡೆಯಾಚೆ ಗುಡ್ಡ ಹತ್ತುತ್ತಿದ್ದ ಕರಡಿಯನ್ನು ಅವರೂ ನೋಡಿದರು. ಗಾಬರಿಗೆ ಅವರ ಬಾಯಲ್ಲಿ ತೆಲುಗೇ ಬಂತು: “ದೇವುಡಾ, ಎಲುಗುಬಂಟಿ! ಎಲುಗುಬಂಟಿ ವಚ್ಚಿಂದಿ!” ಕರಡಿ ಬಂತೆಂಬ ಆ ಕೂಗಿಗೆ ಬೀದಿಯಲ್ಲಿ ಬಾಗಿಲುಗಳು ತೆರೆದವು, ಮತ್ತೆ ಮುಚ್ಚಿಕೊಂಡವು. ಅಷ್ಟರಲ್ಲಿ ಅತ್ತೆಯ ಕಣ್ಣು ಖಾಲಿ ಬೋಗುಣಿಯ ಮೇಲೆ ಬಿತ್ತು.

“ಅಯ್ಯೋ ಅದರ ಮನೆ ಹಾಳಾಗ. ಒಂದಕ್ಕೂ ಉತ್ರ ಕೊಡ್ದೆ ಅಷ್ಟೂ ತಿಂದ್ಕಂಡು ಹೋಗ್ಬುಡ್ತಲ್ಲೇ!”

ಅಕ್ಕ ನಕ್ಕಳು. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. “ಆ ಹುರುಕ್ ಹುರುಕ್ ಸದ್ದು ನೀನು ಮಾಡ್ತಿದ್ದೀಯ ಅಂದ್ಕಂಡೆ ಕಣೇ. ಈ ಸಲ ಎಷ್ಟ್ ಚೆನ್ನಾಗಿ ಮಾಡ್ತಾಳಪ್ಪ ಅಂತ!” ಆಮೇಲೆ ಅರಣ್ಯದವರು ಬಂದರು, ಗುಡ್ಡದ ಕಡೆ ಪಟಾಕಿ ಹೊಡೆದರು, ಹಿತ್ತಲಲ್ಲಿ ತಿನ್ನುವ ಪದಾರ್ಥ ಇಡಬೇಡಿರೆಂದು ಹೇಳಿ ಹೋದರು. ಅಕ್ಕ ಒಳಗೆ ಕೂತು ಉಳಿದ ಎರಡು ಪ್ರಶ್ನೆ ಮುಗಿಸಿದಳು. ನಾನು ಉತ್ತರ ತಿದ್ದುವುದು ಬಿಟ್ಟು ಹಿತ್ತಲ ಬಾಗಿಲನ್ನೇ ನೋಡುತ್ತಿದ್ದೆ. ಅವಳೇ ತಿದ್ದಿಕೊಂಡಳು.

ಕರಡಿಯ ಮುಂದೆ ಕೂತವಳು ಅಂದೇ ಗೊರಕೆ ಹೊಡೆದು ಮಲಗಿದಳಂತೆ. ನೋಡಿದವಳಿಗೆ ನಿದ್ದೆ ಹೋಯಿತು.

ಹಿಂದೂಪುರದಲ್ಲಿ ಮಗ್ಗ ಓಡುತ್ತಿರುವಷ್ಟು ಹೊತ್ತು ನಾನು ಚೆನ್ನಾಗಿರುತ್ತಿದ್ದೆ. ಮಗ್ಗ ನಿಂತರೆ ಗೋಡೆಯ ಮೇಲೆ ತಲೆ ಕಾಣಿಸುತ್ತಿತ್ತು. ಮೂತಿ ಚಾಚುತ್ತಿತ್ತು, ಅಕ್ಕ ಏಟು ಹೊಡೆಯುತ್ತಿದ್ದಳು. ನನ್ನ ತಲೆಯೊಳಗಿನ ಕರಡಿಗೆ ಆ ಏಟು ತಗಲುತ್ತಿತ್ತು. ನನ್ನ ತಲೆಯೊಳಗೆ ಸ್ಪೀಕರು ಹತ್ತುತ್ತಿರಲಿಲ್ಲ. ಅಮ್ಮ ದೃಷ್ಟಿ ತೆಗೆದಳು, ತೋಳಿಗೆ ದಾರ ಕಟ್ಟಿಸಿದಳು, ಹಾಲಿಗೆ ಅರಿಸಿನ ಹಾಕಿ ಕುಡಿಸಿದಳು. ಅಂಗಡಿಯಲ್ಲಿ ಒಂದು ಕಪ್ಪು ರೇಷ್ಮೆ ಸೀರೆಯ ವರ್ಣನೆ ಬರೆಯಲು ಕೂತು, ‘ದಟ್ಟ ಕಪ್ಪು ಮೈ, ಬೂದು ಅಂಚು’ ಎಂದು ಬರೆದವಳು ಎದ್ದು ಹೊರಗೆ ಹೋಗಿ ನಿಂತೆ. ಆ ಸೀರೆ ಮಾತ್ರ ಮೂರೇ ದಿನದಲ್ಲಿ ಮಾರಾಟವಾಯಿತು.

ಮುಂದಿನ ಶನಿವಾರ ನಾನು ಕಲ್ಯಾಣದುರ್ಗಕ್ಕೆ ಹೋಗಲಿಲ್ಲ. ಜ್ವರವೆಂದೆ. ಅದರ ಮುಂದಿನ ವಾರ ಅಂಗಡಿ ಕೆಲಸವೆಂದೆ. ಪರೀಕ್ಷೆ ಹತ್ತಿರ ಬರುತ್ತಿತ್ತು, ಅಕ್ಕನ ಉಂಡೆಗಳು ಇನ್ನೂ ಬೋಗುಣಿಯಲ್ಲೇ ಉಳಿಯುತ್ತಿದ್ದವು. ಈಗ ಬೋಗುಣಿ ಮಾತ್ರ ಕಬ್ಬಿಣದ ಬೀರುವಿನೊಳಗೆ.

ಮೂರನೆಯ ವಾರ ಅಕ್ಕನೇ ಬಸ್ಸು ಹತ್ತಿ ಬಂದಳು. ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಇಂಗ್ಲಿಷಿನಲ್ಲಿ ಅವಳೇ ಬರೆದ ಒಂದು ಬರಹ. ತವರಿಗೆ ಬಂದ ತಂಗಿಯೊಬ್ಬಳು ಏನು ನೋಡಿದಳೆಂದು, ನಾನು ಫೋನಿನಲ್ಲಿ ಅವಳಿಗೆ ಮತ್ತೆ ಮತ್ತೆ ಹೇಳಿದ್ದನ್ನೇ ಸರಳವಾದ ವಾಕ್ಯಗಳಲ್ಲಿ ಬರೆದಿದ್ದಳು.

“ತವರು ಅಲ್ಲ, ಅಕ್ಕನ ಮನೆ,” ಎಂದೆ.

“ಆಮೇಲೆ ತಿದ್ದುವಂತೆ. ಮೊದ್ಲು ಕೆಳಗಿನ ಪ್ರಶ್ನೆ ಬರಿ. ಇಪ್ಪತ್ತು ನಿಮಿಷ. ಮಗ್ಗ ಓಡ್ತಾ ಐತೆ, ನಿಂಗೇನೂ ಸಬೂಬಿಲ್ಲ.”

ಮೊದಲ ವಾಕ್ಯ: ಕರಡಿ ಉಂಡೆ ತಿಂದಿತು. ಟ್ರೂ ಎಂದು ಬರೆದೆ. ಅಕ್ಕ ಕರಡಿಯನ್ನು ನೋಡಿ ಹೆದರಿದಳು. ಫಾಲ್ಸ್. ಕರಡಿ ಅಕ್ಕನನ್ನು ತಿನ್ನಲು ಬಂದಿತ್ತು. ಟ್ರೂ. ಅಕ್ಕನ ಕೈ ತಾಗಿದ್ದರೆ ಕರಡಿ ಅವಳನ್ನು ಸೀಳುತ್ತಿತ್ತು. ಟ್ರೂ. ಸ್ಪೀಕರ್ ಹತ್ತದಿದ್ದರೆ ಅಕ್ಕ ಉಳಿಯುತ್ತಿರಲಿಲ್ಲ. ಟ್ರೂ.

ಅಕ್ಕ ಕೆಂಪು ಪೆನ್ನು ತೆಗೆದು ಕೊನೆಯ ಮೂರಕ್ಕೂ ಅಡ್ಡಗೀಟು ಎಳೆದಳು.

“ಎಲ್ಲೈತೆ ತೋರ್ಸು,” ಎಂದಳು, ಥೇಟ್ ನನ್ನ ದನಿಯಲ್ಲೇ. “ಕರಡಿ ನನ್ನ ತಿನ್ನೋಕೆ ಬಂತು ಅಂತ ಯಾವ ಸಾಲಿನಾಗೈತೆ?”

“ಅಕ್ಕಾ, ಅದು ನಿನ್ನಿಂದ ಒಂದು ಮೊಳ...”

“ಮೂತಿ ಯಾವ ಕಡೆ ಚಾಚಿತ್ತು? ನೀನೇ ಹೇಳಿದ್ದು, ಓದು.”

“ಉಂಡೆ ಕಡೆ.”

“ಹೌದಾ? ಮಿಕ್ಕಿದ್ದೆಲ್ಲ ನೀನು ಹಾಕಿದ ಬೂದಿ ಕಣೇ.” ಹಾಗೆ ಹೇಳಿದವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು. “ನಾನೂ ಹಿಂಗೇ ಮಾಡ್ತೀನಲ್ಲ,” ಎಂದಳು.

ಅವತ್ತು ಮಧ್ಯಾಹ್ನ ಅಮ್ಮನ ಕೈಯ ಮುದ್ದೆ ಉಂಡು ಮೂರು ಬರಹ ಮುಗಿಸಿದಳು. ಪ್ರತಿ ಉತ್ತರಕ್ಕೂ ಸಾಲಿನ ಕೆಳಗೆ ಬೆರಳಿಟ್ಟು, ‘ಬೂದಿ ಐತಾ? ಇಲ್ಲ’ ಎಂದು ಗೊಣಗಿಕೊಳ್ಳುತ್ತಿದ್ದಳು. ತಪ್ಪು ಬೆರಳೆಣಿಕೆಗೆ ಇಳಿಯಿತು. ನನಗೂ ಅವಳ ಹಾಳೆಯಿಂದ ಕೊಂಚ ಉಪಕಾರವಾಯಿತು. ಗೋಡೆಯ ಮೇಲಿನ ತಲೆ ಬರುವುದು ನಿಲ್ಲಲಿಲ್ಲ. ಆದರೆ ಬಂದಾಗ, ಮುಂದಿನದಕ್ಕೆ ಹೋಗುವ ಮೊದಲು, ಇದು ಯಾವ ಸಾಲಿನಲ್ಲಿದೆ ಎಂದು ಕೇಳಿಕೊಳ್ಳುವುದು ಅಭ್ಯಾಸವಾಯಿತು. ಅರ್ಧ ನಿದ್ದೆ ಬರತೊಡಗಿತು.

ಪರೀಕ್ಷೆ ಹಿಂದೂಪುರದಲ್ಲೇ ಬಿತ್ತು. ನಾನು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಹೊರಗೆ ಬಂದವಳನ್ನು “ಪಕ್ಕದಲ್ಲಿ ಯಾರಿದ್ರು? ಮೂಗು ಎಳೀತಿದ್ರಾ?” ಎಂದು ಕೇಳಿದರೆ ಒಂದು ಕ್ಷಣ ಯೋಚಿಸಿ, “ಪಕ್ಕದಾಗೆ ಯಾರಾದ್ರೂ ಇದ್ರೇನೋ, ನಾನು ನೋಡ್ಲಿಲ್ಲ” ಎಂದಳು.

ಫಲಿತಾಂಶ ಬಂದ ದಿನ ಅತ್ತೆಯೇ ನನಗೆ ಫೋನು ಮಾಡಿದರು. “ಪಾಸಾಗೌಳೆ ಕಣಮ್ಮ! ಓದೋದ್ರಾಗೆ ಪಾಸು! ಬೋಗುಣಿ ಉಂಡೆ ಎಲ್ಲಾ ಅವಳದೇ ಈಗ, ಒಬ್ಳೇ ತಿಂದು ಮುಗಿಸೋಕಾಗಲ್ಲ, ನೀನೂ ಬಾ. ಕರಡಿಗೆ ಹೆದರ್ಕಂಡು ಕೂತ್ಕಬೇಡ. ಅದ್ಕೂ ನಾನು ಹೇಳಿವ್ನಿ, ಪರೀಕ್ಷೆ ಮುಗೀತು, ಇನ್ನು ಬರ್ಬೇಡ ಅಂತ.”

ಇಂಗ್ಲಿಷ್ ದಾಟಿದ್ದರಿಂದ ಅದರ ಜೊತೆಗೇ ಬರೆದಿದ್ದ ವಿಜ್ಞಾನದ ಪತ್ರಿಕೆಯನ್ನೂ ಇನ್ನು ನೋಡುತ್ತಾರೆ, ಅದರಲ್ಲಿ ಅಕ್ಕನನ್ನು ಮೀರಿಸುವವರು ಕಡಿಮೆ. ಅಂತೂ ಬಾಗಿಲು ತೆರೆದೇ ಇತ್ತು. ಆ ಸಂಜೆಯ ಬಸ್ಸಿಗೆ ಹೋದೆ. ಹಿತ್ತಲ ಬಾಗಿಲ ಹತ್ತಿರ ಹೋಗಲು ಮೊದಲು ಕಾಲು ಹಿಂಜರಿಯಿತು. ಆಮೇಲೆ ಹೊಸ್ತಿಲ ಮೇಲೆ, ಅಂದು ನಿಂತ ಜಾಗದಲ್ಲೇ ಕೂತು ಮೂರು ಜನರೂ ಉಂಡೆ ತಿಂದೆವು. ವಾರಗಟ್ಟಲೆ ಇದ್ದ ಉಂಡೆಗಳು ಕಲ್ಲಾಗಿದ್ದವು. “ಹಲ್ಲು ಹೋದ್ರೆ ಯಾರು ಹೊಣೆ?” ಎಂದು ಅಕ್ಕ ಕೇಳಿದರೆ, “ತಪ್ಪು ಉತ್ರ ಬರೆದೋಳು ಯಾರು?” ಎಂದರು ಅತ್ತೆ. ಹಾಸಿಗೆ ಹಾಸಿದರು. ಅಕ್ಕ ಪಕ್ಕದಲ್ಲಿ ವಸತಿ ಶಾಲೆಯ ಬಗ್ಗೆ ಏನೋ ಹೇಳುತ್ತಿದ್ದಳು. ಮಾತಿನ ಕೊನೆ ನನಗೆ ಕೇಳಲಿಲ್ಲ.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಹಿತ್ತಲಿನಿಂದ ಅತ್ತೆಯ ಬೈಗುಳ ಕೇಳುತ್ತಿತ್ತು. ಎದ್ದು ಹೋಗಿ ನೋಡಿದೆ. ಒಗೆಯುವ ಕಲ್ಲಿನ ಸುತ್ತ ಒದ್ದೆ ಮಣ್ಣಿನಲ್ಲಿ ಅಗಲವಾದ ಹೆಜ್ಜೆ ಗುರುತುಗಳು. ತೊಳೆದು ಮಗುಚಿಟ್ಟ ಬೋಗುಣಿಯನ್ನು ಯಾರೋ ಎತ್ತಿ ನೋಡಿ, ಏನೂ ಇಲ್ಲವೆಂದು ಪಕ್ಕಕ್ಕೆ ಎಸೆದಂತಿತ್ತು.

“ರಾತ್ರಿ ಬಂದಿತ್ತು ಕಣಮ್ಮ,” ಎಂದರು ಅತ್ತೆ. “ಇಷ್ಟು ಹತ್ರ ಬಂದು ಹೋಗೈತೆ. ಸದ್ದೇನಾದ್ರೂ ಕೇಳುಸ್ತಾ ನಿಂಗೆ?”

“ಇಲ್ಲ ಅತ್ತೆ,” ಎಂದೆ. “ನಾನು ಮಲಗಿದ್ದೆ.”